ಹೊರಗೆ ಬೀಗ, ಒಳಗೆ ನಾವು

ನಮ್ಮ ಬೀದಿಯಲ್ಲಿ ಮೆಲ್ಲಗೆ ಮಾತಾಡಲು ಯಾರಿಗೂ ಬರುತ್ತಿರಲಿಲ್ಲ. ದೊಡ್ಡಬಳ್ಳಾಪುರದ ಮಗ್ಗದ ಬೀದಿಗಳೆಲ್ಲ ಹಾಗೆಯೇ. ಮನೆಮನೆಗೂ ಮೋಟಾರಿನ ಮಗ್ಗ, ಬೆಳಗಾದರೆ ಲಟಲಟ ಲಟಲಟ ಶುರು. ಒಂದು ಚಮಚ ಉಪ್ಪು ಕೇಳಬೇಕಾದರೂ ಕೂಗಬೇಕು, ಮೈ ಹುಷಾರಿಲ್ಲ ಎಂದು ಹೇಳಬೇಕಾದರೂ ಕೂಗಬೇಕು. ನಾನು ತ್ಯಾಮಗೊಂಡ್ಲಿನಿಂದ ಮದುವೆಯಾಗಿ ಬಂದ ಹೊಸತರಲ್ಲಿ, ನಮ್ಮತ್ತೆ ಹೊತ್ತು ಗೊತ್ತಿಲ್ಲದೆ ನನ್ನನ್ನು ಬೈಯುತ್ತಿದ್ದಾರೆ ಎಂದುಕೊಂಡು ಅಡುಗೆಮನೆಯಲ್ಲಿ ಕೂತು ಅತ್ತಿದ್ದೇನೆ. ಆಮೇಲೆ ತಿಳಿಯಿತು, ಆ ಮಹಾತಾಯಿ "ಉಣ್ಣು ಬಾರೇ" ಅಂತ ಕರೆದಿದ್ದರು, ಅಷ್ಟೆ. ವರ್ಷ ತುಂಬುವುದರೊಳಗೆ ನಾನೂ ಹಾಗೇ ಆದೆ. ತವರಿಗೆ ಹೋದರೆ ನಮ್ಮಮ್ಮ, "ಯಾಕೇ ಹಂಗೆ ಅರಚ್ಕೊಂತೀಯ, ನಾನೇನ್ ಕಿವುಡೀನಾ?" ಅನ್ನುತ್ತಿದ್ದಳು.

ಅತ್ತೆ ಮಾತ್ರ ನಿಜವಾಗಿಯೂ ಕಿವುಡಿ. ಚಿಕ್ಕಂದಿನಿಂದ ಮಗ್ಗದ ಪಕ್ಕದಲ್ಲೇ ಬೆಳೆದು, ಮಗ್ಗದ ಪಕ್ಕದಲ್ಲೇ ಮಕ್ಕಳನ್ನು ಹೆತ್ತವರು. ಕಿವಿ ಯಾವಾಗ ಹೋಯಿತು ಎಂದು ಅವರಿಗೇ ಗೊತ್ತಿರಲಿಲ್ಲ. ಆದರೆ ಮಗ್ಗದ ವಿಷಯಕ್ಕೆ ಅವರಿಗೆ ಕಿವಿ ಬೇಕಾಗಿಯೂ ಇರಲಿಲ್ಲ. ಪಕ್ಕದ ಮನೆಗೂ ನಮಗೂ ಇದ್ದ ನಡುಗೋಡೆಗೆ ಬೆನ್ನು ಕೊಟ್ಟು, ಕಾಲು ಚಾಚಿ, ರಾಟೆಯಲ್ಲಿ ಲಾಳಿಯೊಳಗೆ ಹಾಕುವ ಕಂಡಿಕೆಗೆ ನೂಲು ಸುತ್ತುತ್ತಾ ಕೂತರೆ ಬೀದಿಯ ಮಗ್ಗಗಳೆಲ್ಲ ಅವರ ಬೆನ್ನಿಗೆ ಗೊತ್ತಾಗುತ್ತಿದ್ದವು. "ಪಕ್ಕದೋರ ಮಗ್ಗ ನಿಂತೋಯ್ತು ನೋಡು, ಲಾಳಿ ಸಿಕ್ಕಾಕ್ಕೊಂಡಿರ್ಬೇಕು" ಅನ್ನುತ್ತಿದ್ದರು. ಹೋಗಿ ನೋಡಿದರೆ ಹಾಗೇ ಆಗಿರುತ್ತಿತ್ತು. ಇನ್ನು ಕರೆಂಟು ಹೋದರೆ ಎಲ್ಲ ಮಗ್ಗಗಳೂ ಒಟ್ಟಿಗೆ ನಿಲ್ಲುತ್ತವಲ್ಲ, ಗೋಡೆಯ ನಡುಕ ಒಮ್ಮೆಲೇ ಸತ್ತುಹೋಗುತ್ತಿತ್ತು. ಆಗ ಅತ್ತೆ ತಲೆಯೆತ್ತಿ ಒಂದೇ ಮಾತು ಕೂಗುತ್ತಿದ್ದರು: "ಕರೆಂಟ್ ಹೋಯ್ತಾ? ಕಾಫಿ ಇಡೇ!"

ಅದು ಅವರೊಬ್ಬರ ಚಾಳಿಯಲ್ಲ, ಇಡೀ ಬೀದಿಯ ಪದ್ಧತಿ. ಕರೆಂಟು ಇರುವಾಗ ಮಗ್ಗ ಬಿಟ್ಟು ಏಳುವಂತಿಲ್ಲ, ಹೋದಾಗ ಮಾಡಲು ಬೇರೆ ಕೆಲಸವಿಲ್ಲ. ಹಾಗಾಗಿ ಕರೆಂಟು ಹೋಯಿತೆಂದರೆ ಮನೆಮನೆಯಲ್ಲೂ ಒಲೆ ಮೇಲೆ ಕಾಫಿ ನೀರು. ಗಂಡಸರು ಜಗಲಿಗೆ ಬಂದು ಬೀಡಿ ಹಚ್ಚುವರು, ಹೆಂಗಸರು ಲೋಟ ಹಿಡಿದು ಬಾಗಿಲಿಗೆ ಬರುವರು. ನಮ್ಮ ಅಕ್ಕಪಕ್ಕದವರ ಕಷ್ಟಸುಖವೆಲ್ಲ ನನಗೆ ಗೊತ್ತಾಗಿದ್ದು ಕರೆಂಟು ಇಲ್ಲದ ಹೊತ್ತಿನಲ್ಲೇ.

ತೊಂಬತ್ತರ ದಶಕ ಶುರುವಾದ ಕಾಲ. ನಮಗೆ ಇದ್ದದ್ದು ಒಂದು ಮಗ್ಗ. ನಮ್ಮ ಯಜಮಾನರು ಊರಿನ ಒಬ್ಬ ರೇಷ್ಮೆ ಸಾಹುಕಾರರ ಅಂಗಡಿಯಿಂದ ನೂಲು ಸಾಲಕ್ಕೆ ತಂದು ನೇಯುತ್ತಿದ್ದರು. ಸೀರೆಯನ್ನು ಅದೇ ಅಂಗಡಿಗೆ ಕೊಟ್ಟರೆ ನೂಲಿನ ಸಾಲ ಮುರಿದುಕೊಂಡು ಮಿಕ್ಕಿದ್ದನ್ನು ಅವರು ಕೈಗೆ ಕೊಡುತ್ತಿದ್ದರು. ನಮ್ಮ ಮಾವನ ಕಾಲದಿಂದಲೂ ಅದೇ ವ್ಯವಹಾರ. ಒಂದು ವರ್ಷ ನೂಲಿನ ಬೆಲೆ ಏರಿತು, ಸೀರೆಯ ಬೆಲೆ ಬಿತ್ತು. ಸಾಲ ನಿಂತಿತು. ನಿಂತ ಸಾಲ ಬೆಳೆಯಿತು. ಸಾಹುಕಾರರು ಕೋರ್ಟಿಗೆ ಹೋದರು.

ಕೋರ್ಟಿನಲ್ಲಿ ರಾಜಿಯಾಯಿತು. ತಿಂಗಳು ತಿಂಗಳೂ ಇಂತಿಷ್ಟು ಎಂದು ಕೋರ್ಟಿಗೆ ಕಟ್ಟುತ್ತಾ ಹೋಗಬೇಕು. ಒಂದು ಕಂತು ತಪ್ಪಿದರೆ ಬಾಕಿಯೆಲ್ಲ ಒಟ್ಟಿಗೆ ಕೊಡಬೇಕು, ಇಲ್ಲದಿದ್ದರೆ ಜಪ್ತಿ. ನಮ್ಮ ವಕೀಲರು ಇದನ್ನು ಬಿಡಿಸಿ ಬಿಡಿಸಿ ಹೇಳಿದರು. ಯಜಮಾನರು ತಲೆಯಾಡಿಸಿದರು. ಮೊದಲ ಕೆಲವು ತಿಂಗಳು ಸರಿಯಾಗಿಯೇ ಕಟ್ಟಿದರು.

ಒಂದು ತಿಂಗಳು ಕೈಯಲ್ಲಿ ಕಾಸಿರಲಿಲ್ಲ. ನೇಯ್ದ ಸೀರೆಗಳು ಮಾತ್ರ ಇದ್ದವು. ಇವರು ಏನು ಮಾಡಿದರು? ಆ ಸೀರೆಗಳನ್ನು ಮಡಿಸಿ ಕಂಕುಳಲ್ಲಿ ಇಟ್ಟುಕೊಂಡು ನೆಟ್ಟಗೆ ಸಾಹುಕಾರರ ಅಂಗಡಿಗೆ ಹೋದರು. ಸಾಹುಕಾರರು ಮುಖ ತಿರುಗಿಸಲಿಲ್ಲ, ಎಲೆ ಅಡಿಕೆ ಕೊಟ್ಟು ಕೂರಿಸಿ ಮಾತಾಡಿಸಿದರು. "ಆಯ್ತು ಬಿಡಪ್ಪ, ಲೆಕ್ಕಕ್ಕೆ ಹಿಡ್ಕೋತೀನಿ" ಅಂದರು. ಇವರು ಮನೆಗೆ ಬಂದು, "ಈ ತಿಂಗ್ಳುದ್ದು ಹರೀತು" ಎಂದು ಅಂಗಿ ಬಿಚ್ಚಿ ಮೊಳೆಗೆ ಹಾಕಿದರು. ನಾನೂ ಅಬ್ಬಾ ಎಂದುಕೊಂಡೆ. ಸೀರೆ ಕೊಟ್ಟರೆ ಸಾಲ ಹರಿಯುತ್ತದೆ, ಇದಕ್ಕಿಂತ ಬೇರೆ ಲೋಕ ನಮಗೆ ಗೊತ್ತಿರಲಿಲ್ಲ.

ಕೋರ್ಟಿಗೆ ಅದು ಲೆಕ್ಕಕ್ಕೇ ಇಲ್ಲ. ಕಂತು ಬಂದಿಲ್ಲ ಎಂದು ಸಾಹುಕಾರರ ಕಡೆ ವಕೀಲರು ಅರ್ಜಿ ಹಾಕಿದರು. ಸೀರೆ ಕೊಟ್ಟಿದ್ದೇವಲ್ಲ ಎಂದರೆ, ಅದು ಬೇರೆ ಬಾಕಿಗೆ ಮುರಿದುಕೊಂಡಿದ್ದು ಅಂದರಂತೆ. ನಮ್ಮ ವಕೀಲರು ತಲೆ ಚಚ್ಚಿಕೊಂಡರು. "ಅಲ್ಲಯ್ಯಾ, ಕೋರ್ಟಿಗೆ ಕಟ್ಟು ಅಂದ್ರೆ ಅಂಗಡಿಗ್ಯಾಕೆ ಹೋದೆ? ಸಾಹುಕಾರ ನಗ್ತಾ ಎಲೆ ಅಡಿಕೆ ಕೊಟ್ರೆ ಅದನ್ನ ನ್ಯಾಯಾಧೀಶರ ಮುಂದೆ ಉಗುಳಿ ತೋರ್ಸೋಕಾಗುತ್ತಾ?" ಅವತ್ತಿನಿಂದ ಇವರ ಮಾತು ಕಡಿಮೆಯಾಗುತ್ತಾ ಬಂತು. ನನಗೆ ಮಾತ್ರ ಸಿಟ್ಟು ನೆತ್ತಿಗೇರಿ, ಮೂರು ಹೊತ್ತೂ ಪಾತ್ರೆಗಳನ್ನು ಕುಕ್ಕಿ ಕುಕ್ಕಿ ಇಡುತ್ತಿದ್ದೆ.

ಜಪ್ತಿಗೆ ಹುಕುಂ ಆಯಿತು. ನಮ್ಮ ಮನೆಯಲ್ಲಿ ಜಪ್ತಿ ಮಾಡುವಂಥದ್ದು ಮತ್ತೇನಿದೆ, ಮಗ್ಗ ಒಂದೇ. ಕೈಮಗ್ಗವಾಗಿದ್ದರೆ ಕಸುಬಿನ ಸಾಮಾನು, ಮುಟ್ಟಬಾರದು ಎಂದು ವಾದ ಮಾಡಬಹುದಿತ್ತು, ಇದು ಮೋಟಾರಿನದು, ಗೆಲ್ಲುವುದು ಕಷ್ಟ ಎಂದರು ವಕೀಲರು. ಉಳಿದಿದ್ದು ಒಂದೇ ದಾರಿ. ಮುಂದಿನ ತಾರೀಖಿನೊಳಗೆ ತಪ್ಪಿದ ಕಂತುಗಳನ್ನು ಕಟ್ಟಿಬಿಟ್ಟು, ಇನ್ನೊಂದು ಅವಕಾಶ ಕೊಡಿ ಎಂದು ಬೇಡಿಕೊಳ್ಳುವುದು. ಅದಕ್ಕೆ ಬೇಕಾದ ದುಡ್ಡು ಮಗ್ಗದ ಮೇಲೆಯೇ ಇತ್ತು. ಯಲಹಂಕದ ಒಬ್ಬರು ಮದುವೆ ಸೀರೆಗಳಿಗೆಂದು ಹಾಸು, ಅಂದರೆ ಮಗ್ಗಕ್ಕೆ ಉದ್ದಕ್ಕೆ ಹೂಡುವ ನೂಲು, ಕೊಟ್ಟು ಕೂಲಿಗೆ ನೇಯಲು ಹೇಳಿದ್ದರು. ನೂಲು ಅವರದು, ಕೂಲಿ ನಮ್ಮದು. ಆ ಹಾಸು ಪೂರ್ತಿ ನೇಯ್ದು ಕೊಟ್ಟ ದಿನವೇ ಕೂಲಿಯನ್ನೂ ಮುಂದಿನ ಕೆಲಸಕ್ಕೆ ಮುಂಗಡವನ್ನೂ ಕೊಡುತ್ತೇನೆಂದಿದ್ದರು. ತಾರೀಖಿನವರೆಗೆ ಮಗ್ಗ ಮನೆಯಲ್ಲಿ ಉಳಿದರೆ ನಾವು ಉಳಿದೆವು. ಇಲ್ಲದಿದ್ದರೆ ಇಲ್ಲ.

ವಕೀಲರು ಕನ್ನಡಕ ಒರೆಸುತ್ತಾ ಗೋಡೆಗೆ ಹೇಳಿದ ಹಾಗೆ ಹೇಳಿದರು: "ಹೊತ್ತು ಮುಳುಗಿದ ಮೇಲೆ ಬೆಳಕು ಹರಿಯೋ ತನಕ ಜಪ್ತಿಗೆ ಬರೋ ಕೋರ್ಟಿನ ಅಮೀನ ಮನೆಯೊಳಕ್ಕೆ ಕಾಲಿಡೋ ಹಾಗಿಲ್ಲ. ಮನೆಗೆ ಬೀಗ ಹಾಕಿದ್ರೆ ಸುಮ್ನೆ ವಾಪಸ್ ಹೋಗ್ತಾನೆ. ನಾನೇನೂ ಹೇಳ್ಲಿಲ್ಲ, ನೀವೇನೂ ಕೇಳ್ಲಿಲ್ಲ."

ಪಕ್ಕದ ಮನೆಯ ಆಪಾ ನಮ್ಮ ಬೀಗದ ಕೈ ಇಟ್ಟುಕೊಳ್ಳಲು ಒಪ್ಪಿದರು. ಅವರ ಮನೆಯಲ್ಲಿ ರೇಷ್ಮೆ ಹುರಿ ಮಾಡುವ ಕೆಲಸ, ಜೊತೆಗೆ ಎರಡು ಮಗ್ಗ. ನಾನು ಬಾಣಂತಿಯಾಗಿದ್ದಾಗ ನನಗೆ ಕೋಳಿಸಾರು ಮಾಡಿ ತಂದವರು ಅವರು. "ಯಾಕ್ ಫಿಕರ್ ಮಾಡ್ತೀರಾ? ಚಾವಿ ನನ್ ಹತ್ರ ಇರ್ತದೆ. ಯಾರಾದ್ರೂ ಕೇಳಿದ್ರೆ ಊರಿಗೆ ಹೋಗವ್ರೆ ಅಂತೀನಿ" ಎಂದರು. ಬೆಳಕು ಹರಿಯುವ ಮೊದಲೇ ಬಂದು ಹೊರಗಿನಿಂದ ಬೀಗ ಹಾಕುವರು. ಕತ್ತಲಾದ ಮೇಲೆ ಬಂದು ತೆಗೆಯುವರು. ಹಗಲೆಲ್ಲ ಮಗ್ಗ ನಿಂತಿರಬೇಕು, ರಾತ್ರಿ ಕರೆಂಟು ಇದ್ದಷ್ಟು ಹೊತ್ತು ನೇಯಬೇಕು. ಮೂರು ವರ್ಷದ ಮಗಳನ್ನು ತ್ಯಾಮಗೊಂಡ್ಲಿಗೆ ನಮ್ಮಮ್ಮನ ಹತ್ತಿರ ಕಳಿಸಿದೆವು. ಮಗುವಿಗೆ ಸುಮ್ಮನಿರು ಎಂದರೆ ಇರುತ್ತದೆಯೇ.

ಅತ್ತೆಗೆ ತಿಳಿಸಿ ಹೇಳುವುದೇ ದೊಡ್ಡ ಕೆಲಸವಾಯಿತು. ಅವರ ಕಿವಿಗೆ ಕೂಗಿದರೆ ಬೀದಿಗೆಲ್ಲ ಕೇಳುತ್ತದೆ. ಮಗ್ಗ ಓಡುವ ಹೊತ್ತು ನೋಡಿಕೊಂಡು, ಕಿವಿಗೆ ಬಾಯಿಟ್ಟು ಕೂಗಿದೆ: "ಅತ್ತೆ, ಹಗಲೊತ್ತು ಮಾತಾಡ್ಬೇಡಿ! ಅಮೀನ ಬರ್ತಾನೆ! ಮಗ್ಗ ಎತ್ಕೊಂಡ್ ಹೋಗ್ತಾನೆ!"

"ಗೊತ್ತಾಯ್ತು ಬಿಡೇ, ನಾನ್ಯಾವಾಗ್ ಮಾತಾಡ್ತೀನಿ?" ಎಂದು ಅವರು ಕೂಗಿದ್ದು ಮಗ್ಗದ ಸದ್ದನ್ನೂ ಮೀರಿ ಆಪಾ ಮನೆಗೆ ಕೇಳಿ, ಅಲ್ಲಿಂದ ಆಪಾ ನಕ್ಕಿದ್ದು ನಮಗೆ ಕೇಳಿತು. ನಾನೂ ನಕ್ಕೆ. ಆ ದಿನಗಳಲ್ಲಿ ನಕ್ಕಿದ್ದು ಅದೊಂದೇ ಸಲ ಅನ್ನಿಸುತ್ತದೆ.

ಆಮೇಲೆ ಹಗಲುಗಳು ಶುರುವಾದವು. ಅವುಗಳ ಬಗ್ಗೆ ಹೇಳಲು ಹೆಚ್ಚೇನಿಲ್ಲ. ಬಾಗಿಲು ಮುಚ್ಚಿದೆ, ಕಿಟಕಿ ಮುಚ್ಚಿದೆ, ಗಾಜಿನ ಹೆಂಚಿನಿಂದ ಬಿದ್ದ ಬಿಸಿಲಿನ ತುಂಡು ನೆಲದ ಮೇಲೆ ಮೆಲ್ಲಗೆ ಸರಿಯುತ್ತಿದೆ. ಪಂಪಿನ ಸ್ಟೌ ಹಚ್ಚಿದರೆ ಸದ್ದು, ಹಾಗಾಗಿ ರಾತ್ರಿ ಮಾಡಿದ ಮುದ್ದೆಯನ್ನೇ ಹಗಲು ತಣ್ಣಗೆ ಉಣ್ಣುವುದು. ಕಾಫಿಯ ವಾಸನೆ ಜಗಲಿಗೆ ಹೋಗುತ್ತದೆಂದು ಹಗಲು ಕಾಫಿ ನಿಲ್ಲಿಸಿದೆವು. ಅತ್ತೆಗೆ ಊಟ ಬಿಟ್ಟರೂ ನಡೆಯುತ್ತಿತ್ತು, ಕಾಫಿ ಬಿಟ್ಟು ನಡೆಯುತ್ತಿರಲಿಲ್ಲ. ಲೋಟ ಎತ್ತುವ ಹಾಗೆ ಕೈ ಮಾಡಿ ನನ್ನ ಮುಖ ನೋಡುವರು. ನಾನು ಬಾಗಿಲ ಕಡೆ ಕೈ ತೋರಿಸಿ ತಲೆಯಾಡಿಸುವೆ. ಅವರು ಸುಮ್ಮನೆ ಗೋಡೆಗೆ ಒರಗುವರು. ರಾಟೆಯ ಗೂಟ ಕಿರುಗುಟ್ಟುತ್ತದೆಂದು ಅವರಿಗೆ ಹಗಲು ನೂಲು ಸುತ್ತುವ ಕೆಲಸವನ್ನೂ ಬಿಡಿಸಿದ್ದೆವು. ಆದರೂ ಅವರ ಬೆರಳುಗಳು ಬರಿದೇ ಸುತ್ತುತ್ತಿದ್ದವು.

ಇವರು ನಿಂತ ಮಗ್ಗದ ಮುಂದೆ ಕೂತಿರುತ್ತಿದ್ದರು. ಸುತ್ತ ಬೀದಿಯೆಲ್ಲ ಲಟಲಟ ಎನ್ನುವಾಗ ನಮ್ಮದೊಂದು ಮನೆ ಬಾಯಿ ಹೊಲಿದುಕೊಂಡು ಕೂತಿತ್ತು. ಆ ಸದ್ದೇ ನಮಗೆ ರಕ್ಷೆ. ಅಕ್ಕಪಕ್ಕದ ಮಗ್ಗಗಳು ಓಡುತ್ತಿದ್ದರೆ ನಾವು ಕೆಮ್ಮಿದರೂ, ತಟ್ಟೆ ಜಾರಿಬಿದ್ದರೂ ಹೊರಗೆ ತಿಳಿಯುತ್ತಿರಲಿಲ್ಲ. ಕರೆಂಟು ಹೆಚ್ಚಾಗಿ ಹೋಗುತ್ತಿದ್ದದ್ದು ಬೆಳಗಿನ ಹೊತ್ತು. ಅದಕ್ಕೇ ಬೆಳಗ್ಗೆ ನಾನು ಅತ್ತೆಯ ಪಕ್ಕದಲ್ಲೇ ಕೂತಿರುತ್ತಿದ್ದೆ. ಗೋಡೆಯ ನಡುಕ ನಿಂತ ಕೂಡಲೇ ಅವರು ನನ್ನನ್ನು ನೋಡುವರು, ನಾನು ತುಟಿಯ ಮೇಲೆ ಬೆರಳಿಡುವೆ, ಅವರು ಬಂದ ಮಾತನ್ನು ನುಂಗಿಕೊಳ್ಳುವರು. ಎಷ್ಟು ಸಲ ಹಾಗೆ ನುಂಗಿದರೋ ಪಾಪ.

ಅಮೀನರು ಮೊದಲ ಸಲ ಬಂದರು. ಬಾಗಿಲ ಸಂದಿಯಿಂದ ನೋಡಿದೆ. ಕೊಡೆ ಹಿಡಿದ, ಕೂದಲು ನರೆತ, ನಮ್ಮ ಸೋದರಮಾವನ ಹಾಗಿದ್ದ ಮನುಷ್ಯ. ಜೊತೆಗೆ ಸಾಹುಕಾರರ ಅಂಗಡಿಯ ವಸೂಲಿಯವನು. ಇವನು ನಮಗೆ ಹೊಸಬನಲ್ಲ. ಹಿಂದೆ ಸೈಕಲ್ಲಿನಲ್ಲಿ ನೂಲಿನ ಗಂಟು ತಂದು ಹಾಕುತ್ತಿದ್ದವನು, ನಮ್ಮ ಮನೆಯಲ್ಲಿ ಎಷ್ಟೋ ಸಲ ಉಂಡವನು. ಸಾಲ ಕೋರ್ಟಿಗೆ ಹೋದ ಮೇಲೆ ಅವನ ಕೆಲಸ ಬೇರೆಯಾಗಿತ್ತು. ಅಮೀನರನ್ನು ಮನೆ ಬಾಗಿಲಿಗೆ ಕರೆತಂದು ಇದೇ ಮನೆ ಎಂದು ತೋರಿಸುವುದು. ಅವರಿಲ್ಲದ ದಿನಗಳಲ್ಲಿ ತಾನೊಬ್ಬನೇ ಬಂದು ಜಗಲಿಯ ಮೇಲೆ ಕಾಲು ಚಾಚಿ ಕೂತು ಬೀದಿಗೆಲ್ಲ ಕೇಳುವಂತೆ, "ಅಕ್ಕಾ, ಒಳಗಿದ್ದೀರಾ ಅಂತ ಗೊತ್ತು ಕಣಕ್ಕಾ! ಎಷ್ಟ್ ದಿನ ಅಂತ ಕೂತ್ಕೋತೀರಾ?" ಎಂದು ಕೂಗುವುದು. ಸಾರು ಬಡಿಸಿದ ಕೈಯಿಂದಲೇ ಅವನ ಕೆನ್ನೆಗೆ ಎರಡು ಕೊಡಬೇಕು ಅನ್ನಿಸುತ್ತಿತ್ತು. ಆಪಾ ಹೊರಗೆ ಬಂದು, "ಏನಪ್ಪಾ, ಖಾಲಿ ಮನೆ ಹತ್ರ ಮಾತಾಡ್ತೀಯಾ, ತಲೆ ಸರಿ ಅದೆಯಾ?" ಎಂದು ಕೇಳುವರು. ಅವನು ಎದ್ದು ಹೋಗುವನು.

ಮೊದಮೊದಲು ಹೆದರಿಕೆ ಇತ್ತು. ಆಮೇಲೆ ಅದೂ ಹೋಯಿತು. ಅವನು ಕೂಗಿದರೆ ಬೀದಿಯಲ್ಲಿ ಸೊಪ್ಪಿನವಳು ಕೂಗಿದ ಹಾಗೆ ಕೇಳಿಸತೊಡಗಿತು. ಬಾಗಿಲು ಬಡಿದರೆ ತಿರುಗಿ ನೋಡುವುದನ್ನೂ ಬಿಟ್ಟೆ. ಮಗಳ ನೆನಪು ಬಂದರೆ ಬರುತ್ತಿತ್ತು, ಹೋಗುತ್ತಿತ್ತು. ಅಳು ಬರುತ್ತಿರಲಿಲ್ಲ. ರಾತ್ರಿ ಬೀಗ ತೆಗೆದು ಆಪಾ, "ಏನ್ರೀ, ಹೆಂಗಿದ್ದೀರಾ?" ಎಂದು ಕೇಳಿದರೆ ಕೊಡ ತೆಗೆದುಕೊಂಡು ನೀರಿಗೆ ಹೋಗುತ್ತಿದ್ದೆ. ಒಳಗೆ ಎಲ್ಲ ಮರಗಟ್ಟಿಹೋಗಿತ್ತು.

ಆದರೂ ಹಾಸು ಮುಗಿಯುತ್ತಾ ಬಂತು. ಕಡೆಯ ಸೀರೆಗೆ ಕೈ ಹಾಕಿದ್ದರು ಇವರು. ಎರಡು ರಾತ್ರಿ ಕರೆಂಟು ಕೈ ಕೊಡದಿದ್ದರೆ ಅದೂ ಮುಗಿಯುತ್ತಿತ್ತು. ತಾರೀಖಿಗೆ ಅದಕ್ಕಿಂತ ಹೆಚ್ಚು ದಿನ ಇತ್ತು. ಅವತ್ತು ಬೆಳಗ್ಗೆ ಇವರು ಬಹಳ ದಿನಗಳ ಮೇಲೆ ತಾವಾಗಿಯೇ ಬಾಯಿ ಬಿಟ್ಟು, ಪಿಸುಗುಟ್ಟಲು ಬಾರದ ಗಂಟಲಲ್ಲಿ ಒರಟಾಗಿ, "ಮಗೂನ ಕರ್ಕೊಂಡ್ ಬರಣ" ಅಂದರು. ನಾನು ಹೂಂ ಅಂದೆ.

ಅವತ್ತೇ ಮಧ್ಯಾಹ್ನ ಅಮೀನರು ಬಂದರು, ವಸೂಲಿಯವನೂ ಬಂದ. ಬಿಸಿಲು ಜೋರಾಗಿತ್ತು. ಇಬ್ಬರೂ ಜಗಲಿಯ ನೆರಳಿನಲ್ಲಿ ಕೂತರು. ನಾನು ಬಾಗಿಲ ಹಿಂದೆಯೇ ಇದ್ದೆ. ಅಕ್ಕಪಕ್ಕದ ಮಗ್ಗಗಳ ಸದ್ದಿನ ನಡುವೆ ಅವರೂ ಕೂಗಿಯೇ ಮಾತಾಡಬೇಕಿತ್ತು, ಹಾಗಾಗಿ ನನಗೆ ಎಲ್ಲವೂ ಕೇಳಿಸುತ್ತಿತ್ತು. ಅಮೀನರು ತಮ್ಮ ಮಂಡಿ ನೋವಿನ ಬಗ್ಗೆ ಹೇಳಿದರು. ಘಾಟಿ ಕಡೆ ಒಂದು ಹಳ್ಳಿಗೆ ನೋಟಿಸು ಕೊಡಲು ಹೋಗಿ ಬಸ್ಸು ತಪ್ಪಿ ನಡೆದುಕೊಂಡು ಬಂದದ್ದನ್ನು ಹೇಳಿದರು. ಆಮೇಲೆ ಎದ್ದು ಅಂದರು: "ನಡಿಯಪ್ಪ. ಇಷ್ಟ್ ಸಲ ಬಂದಿದ್ದಾಯ್ತು. ಮನೆಗೆ ಬೀಗ, ಯಾರೂ ಇಲ್ಲ ಅಂತ ಬರ್ದು ಕೊಟ್ಬಿಡ್ತೀನಿ. ಮುಂದಿಂದು ಕೋರ್ಟು ನೋಡ್ಕೊಳ್ಳುತ್ತೆ."

"ಸಾರ್, ಒಳಗವ್ರೆ ಸಾರ್, ನಾನ್ ಹೇಳ್ತಾ ಇದ್ದೀನಲ್ಲ."

"ನೀನ್ ಹೇಳಿದ್ರೆ ಆಗಲ್ಲಪ್ಪ. ನಾನು ಕಣ್ಣಾರೆ ಕಾಣ್ಬೇಕು, ಇಲ್ಲಾ ಕಿವಿಯಾರೆ ಕೇಳ್ಬೇಕು."

ಅಮೀನರು ಚಪ್ಪಲಿಗೆ ಕಾಲು ತೂರಿಸಿದರು. ಕೊಡೆ ಬಿಚ್ಚಿದ ಸದ್ದು ಕೇಳಿಸಿತು. ಜಗಲಿಯ ಮೆಟ್ಟಿಲನ್ನೂ ಇಳಿದರು.

ಕರೆಂಟು ಹೋಯಿತು.

ಇಡೀ ಬೀದಿ ಒಮ್ಮೆಲೇ ನಿಂತಿತು. ಮಧ್ಯಾಹ್ನದ ಹೊತ್ತು ಕರೆಂಟು ಹೋಗುವ ರೂಢಿಯೇ ಇರಲಿಲ್ಲ. ನಾನು ಬಾಗಿಲ ಹಿಂದೆ, ಅತ್ತೆ ಒಳಗೆ ನಡುಗೋಡೆಯ ಹತ್ತಿರ. ಅವರು ಊಟ ಮಾಡಿ ಗೋಡೆಗೆ ಒರಗಿ ತೂಕಡಿಸುತ್ತಿದ್ದರು. ಬೆನ್ನಿನ ಹಿಂದೆ ನಡುಕ ನಿಂತಿದ್ದೇ ತಡ, ಕಣ್ಣು ಪೂರ್ತಿ ಬಿಡುವ ಮೊದಲೇ, ಇಷ್ಟು ದಿನ ನುಂಗಿಕೊಂಡಿದ್ದನ್ನೆಲ್ಲ ಸೇರಿಸಿ, ಜೀವಮಾನವೆಲ್ಲ ಕೂಗಿದ ಹಾಗೆ ಕೂಗಿದರು:

"ಕರೆಂಟ್ ಹೋಯ್ತಾ? ಕಾಫಿ ಇಡೇ!"

ಇವರು ಮಗ್ಗದ ಹತ್ತಿರದಿಂದ ಹಾರಿ ಬಂದು ತಾಯಿಯ ಬಾಯಿಯನ್ನು ಅಂಗೈಯಿಂದ ಅಮುಕಿ ಹಿಡಿದರು. ಅತ್ತೆಯ ಕಣ್ಣುಗಳು ಅಗಲವಾದವು. ಮಗನ ಮುಖ ನೋಡಿದರು, ಬಾಗಿಲ ಹಿಂದೆ ನಿಂತಿದ್ದ ನನ್ನ ಮುಖ ನೋಡಿದರು. ಯಾರೂ ಅವರಿಗೆ ಏನೂ ಹೇಳಬೇಕಾಗಿರಲಿಲ್ಲ. ಇವರ ಕೈ ಹಾಗೇ ಇತ್ತು. ಎಲ್ಲ ಮುಗಿದ ಮೇಲೂ ತೆಗೆಯಲು ಮರೆತವರಂತೆ ಹಿಡಿದೇ ಇದ್ದರು.

ಹೊರಗೆ ವಸೂಲಿಯವನು, "ಕೇಳ್ತಾ ಸಾರ್? ಕೇಳ್ತಾ?" ಎಂದು ಕುಣಿದ. ಚಪ್ಪಲಿಯ ಸದ್ದು ಮತ್ತೆ ಮೆಟ್ಟಿಲು ಹತ್ತಿತು. ಬಾಗಿಲ ಹತ್ತಿರ ಬಂದು ನಿಂತರು. ನನಗೂ ಅವರಿಗೂ ನಡುವೆ ಒಂದು ಹಲಗೆ ಮಾತ್ರ ಇತ್ತು.

"ತಾಯೀ," ಎಂದರು ಅಮೀನರು, "ಕರೆಂಟ್ ಹೋಗಿದೆ. ಅಜ್ಜೀಗೆ ಮೊದ್ಲು ಕಾಫಿ ಇಟ್ಕೊಡಮ್ಮ. ಆಮೇಲೆ ಬಾಗ್ಲು ತೆಗೆಸು."

ನಾನು ಹೋಗಿ ಸ್ಟೌ ಹಚ್ಚಿದೆ. ಇನ್ನು ಸದ್ದಾದರೇನು, ವಾಸನೆ ಬಂದರೇನು. ನೀರು ಕುದಿಯಿತು, ಪುಡಿ ಹಾಕಿದೆ, ಬೆಲ್ಲ ಹಾಕಿದೆ. ಅಷ್ಟರಲ್ಲಿ ಆಪಾ ಬಂದು ಬೀಗ ತೆಗೆದರು. ಅವರು ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಿದ್ದರು. ಬಾಗಿಲು ತೆರೆದಾಗ ಹೊರಗಿನ ಬೆಳಕು ನೋಡಿ ನನಗೆ ಕಣ್ಣು ಬಿಡಲಾಗಲಿಲ್ಲ. ಅತ್ತೆಗೆ ಒಂದು ಲೋಟ ಕೊಟ್ಟೆ, ಅಮೀನರಿಗೆ ಒಂದು ಕೊಟ್ಟೆ. ವಸೂಲಿಯವನಿಗೂ ಕೊಟ್ಟೆ, ಬೇಕೆಂದು ಕೊಟ್ಟದ್ದಲ್ಲ, ಕೈ ತಾನಾಗಿ ಕೊಟ್ಟಿತು. ಅವನು ಲೋಟ ತೆಗೆದುಕೊಂಡು ನನ್ನ ಮುಖ ನೋಡದೆ ಹೊರಗೆ ಹೋಗಿ ಕುಡಿದ. ಅತ್ತೆ ಕುಡಿಯಲಿಲ್ಲ. ಅವರ ಲೋಟ ನೆಲದ ಮೇಲೆಯೇ ಆರಿಹೋಯಿತು.

ಅಮೀನರು ಮಗ್ಗ ಒಂದನ್ನೇ ಬರೆದುಕೊಂಡರು. ಪಾತ್ರೆ ಪಡಗ, ಹಾಸಿಗೆ, ಯಾವುದರ ಕಡೆಯೂ ತಿರುಗಿ ನೋಡಲಿಲ್ಲ. "ಹಾಸು ಬೇರೆಯೋರ್ದು ಸಾರ್" ಎಂದರು ಇವರು. "ಹಂಗಾದ್ರೆ ತೆಕ್ಕೊಳಪ್ಪ, ಅದು ನಂಗೆ ಬೇಡ" ಎಂದರು ಅಮೀನರು. ಮಗ್ಗದ ಮೇಲಿನ ಹಾಸನ್ನು ನಡುವೆ ಕತ್ತರಿಸುವುದು ನಮ್ಮಲ್ಲಿ ಇಲ್ಲ. ಒಂದು ಹಾಸು ಮುಗಿಯುವಾಗ ಅದರ ಎಳೆಗಳ ತುದಿಗೆ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಹೊಸೆದು ಕೆಚ್ಚುತ್ತಾರೆ. ಆ ಮಗ್ಗಕ್ಕೆ ಕೆಚ್ಚಿದ್ದೆಲ್ಲ ಅತ್ತೆಯ ಬೆರಳುಗಳೇ. ಇವರು ಕತ್ತರಿ ಹಿಡಿದು ಬಹಳ ಹೊತ್ತು ನಿಂತರು. ಕಡೆಗೆ ಕತ್ತರಿಸಿದರು. ಎಳೆಗಳು ಸಡಿಲವಾಗಿ, ಮಗ್ಗದ ಪಕ್ಕ ಕೂತಿದ್ದ ನನ್ನ ಮಡಿಲಿಗೆ ಬಿದ್ದವು. ಅರ್ಧ ಸೀರೆ ಇತ್ತ, ನೇಯದ ಹಾಸು ಅತ್ತ. ಎರಡನ್ನೂ ಯಲಹಂಕದವರಿಗೆ ವಾಪಸು ಕೊಡಲೆಂದು ಹಳೆಯ ಪಂಚೆಯಲ್ಲಿ ಸುತ್ತಿಟ್ಟೆ.

ಮಗ್ಗ ಬಿಚ್ಚಿ ಟೆಂಪೋಗೆ ಏರಿಸುವ ಹೊತ್ತಿಗೆ ಕರೆಂಟು ಬಂತು. ಬೀದಿಯ ಮಗ್ಗಗಳೆಲ್ಲ ಶುರುವಾಗಬೇಕಿತ್ತು. ಆಗಲಿಲ್ಲ. ಗಂಡಸರು ಹೆಂಗಸರು ಎಲ್ಲ ಜಗಲಿಗಳ ಮೇಲೆ ಸುಮ್ಮನೆ ನಿಂತಿದ್ದರು. ಟೆಂಪೋ ತಿರುವು ದಾಟಿದ ಮೇಲೆ ಒಂದೊಂದಾಗಿ ಮೋಟಾರು ಹಾಕಿದರು. ಅವರು ಹಾಗೆ ನಿಂತದ್ದಕ್ಕೆ ಅಳಬೇಕಿತ್ತು ನಾನು. ನನಗೆ ನೆಲದಲ್ಲಿ ಮಗ್ಗದ ಕಾಲುಗಳಿದ್ದ ಗುಳಿಗಳೇ ಕಾಣುತ್ತಿದ್ದವು, ಅವುಗಳಲ್ಲಿ ಎಷ್ಟು ಕಸ ಕೂತಿದೆ, ಗುಡಿಸಬೇಕು ಎಂದುಕೊಂಡೆ.

ಮಗ್ಗ ಹರಾಜಿನಲ್ಲಿ ಹೋಯಿತು. ನಮ್ಮ ಬೀದಿಯವರು ಯಾರೂ ಸವಾಲು ಕೂಗಲು ಹೋಗಲಿಲ್ಲವಂತೆ, ಹೊರಗಿನವರಾರೋ ಕಬ್ಬಿಣದ ಬೆಲೆಗೆ ಹೊಡೆದುಕೊಂಡು ಹೋದರು. ಸಾಲದಲ್ಲಿ ಒಂದಿಷ್ಟು ತೀರಿತು, ಉಳಿದದ್ದು ಉಳಿಯಿತು. ಇವರು ಬಾಶೆಟ್ಟಿಹಳ್ಳಿಯ ಒಂದು ಕಾರ್ಖಾನೆಗೆ ಪಾಳಿ ಕೆಲಸಕ್ಕೆ ಸೇರಿದರು. ಸಂಬಳ ಬಂದ ದಿನ ಮನೆಗೂ ಬಾರದೆ ನೆಟ್ಟಗೆ ಕೋರ್ಟಿಗೆ ಹೋಗಿ ಕಟ್ಟಿ, ರಸೀದಿಯನ್ನು ಅಂಗಿಯ ಒಳಜೇಬಿನಲ್ಲಿಟ್ಟುಕೊಂಡು ಬರುತ್ತಿದ್ದರು. ವಸೂಲಿಯವನು ಎಲ್ಲಾದರೂ ಎದುರಾದರೆ, "ಅಕ್ಕಾ, ಚೆನ್ನಾಗಿದ್ದೀರಾ?" ಅನ್ನುತ್ತಿದ್ದ. ಚೆನ್ನಾಗಿದ್ದೀನಪ್ಪ ಅನ್ನುತ್ತಿದ್ದೆ. ಮಗಳು ತ್ಯಾಮಗೊಂಡ್ಲಿನಿಂದ ಬಂದವಳು ಬಾಗಿಲಲ್ಲೇ ನಿಂತು, "ಲಟಲಟ ಎಲ್ಲಿ?" ಎಂದು ಕೇಳಿದಳು. ನಾನು ಅವಳನ್ನು ಎತ್ತಿಕೊಂಡು ಹೋಗಿ ಆಪಾ ಮನೆಯ ಮಗ್ಗ ತೋರಿಸಿದೆ.

ಅತ್ತೆ ಆ ನಡುಗೋಡೆಗೆ ಒರಗಿ ಕೂರುವುದನ್ನು ಬಿಡಲಿಲ್ಲ. ಬೇರೆಯವರಿಗೆ ಕೂಲಿಗೆ ಕಂಡಿಕೆ ಸುತ್ತಿ ಕೊಡುತ್ತಿದ್ದರು. ಊಟಕ್ಕೆ ಕರೆಯುವಾಗ, ಮೊಮ್ಮಗಳನ್ನು ಗದರುವಾಗ ಮೊದಲಿನ ಹಾಗೇ ಕೂಗುತ್ತಿದ್ದರು. ಆದರೆ ಕರೆಂಟು ಹೋಗಿ ಗೋಡೆಯ ನಡುಕ ನಿಂತರೆ ಸಾಕು, ಕೈಯಲ್ಲಿದ್ದ ಕಂಡಿಕೆ ಬಿಟ್ಟು, ತಮ್ಮ ಅಂಗೈಯನ್ನು ತಮ್ಮ ಬಾಯಿಗೆ ತಾವೇ ಅಮುಕಿ ಹಿಡಿಯುತ್ತಿದ್ದರು. ಕರೆಂಟು ಬರುವವರೆಗೆ ತೆಗೆಯುತ್ತಿರಲಿಲ್ಲ. ಕಾಫಿ ತಂದು ಮುಂದೆ ಇಟ್ಟರೂ ತೆಗೆಯುತ್ತಿರಲಿಲ್ಲ. ಮೊದಲ ಸಲ ಅದನ್ನು ಕಂಡಾಗ ನನ್ನೊಳಗೆ ಮರಗಟ್ಟಿದ್ದೆಲ್ಲ ಒಡೆದು, ಆ ದಿನಗಳಲ್ಲಿ ಬಾರದ ಅಳು ಒಟ್ಟಿಗೆ ಬಂತು. ಅವರ ಕಿವಿಗೆ ಬಾಯಿಟ್ಟು, "ಅತ್ತೆ, ಬೀಗ ಇಲ್ಲ! ಯಾರೂ ಇಲ್ಲ! ಮಾತಾಡಿ!" ಎಂದು ಕೂಗಿದೆ. ಅವರು ಬಾಗಿಲ ಕಡೆ ನೋಡಿದರು, ಕೈ ತೆಗೆಯಲಿಲ್ಲ.

ಕೆಲವು ವರ್ಷಗಳಾದ ಮೇಲೆ ಒಂದು ಮಧ್ಯಾಹ್ನ ಇವರು ಕಡೆಯ ಕಂತು ಕಟ್ಟಿ ಮನೆಗೆ ಬಂದರು. ಕರೆಂಟು ಇರಲಿಲ್ಲ, ಬೀದಿ ತಣ್ಣಗಿತ್ತು. ಅತ್ತೆ ಗೋಡೆಗೆ ಒರಗಿ ಬಾಯಿ ಮುಚ್ಚಿಕೊಂಡು ಕೂತಿದ್ದರು. ಇವರು ಚಪ್ಪಲಿಯನ್ನೂ ಬಿಡದೆ ಒಳಗೆ ಬಂದು ತಾಯಿಯ ಮುಂದೆ ಕುಕ್ಕರಗಾಲಲ್ಲಿ ಕೂತರು. ಆ ಮುದುಕಿಯ ಕೈಯನ್ನು ಹಿಡಿದು ಬಾಯಿಯ ಮೇಲಿಂದ ಮೆಲ್ಲಗೆ ಬಿಡಿಸಿದರು. ಬಿಡಿಸಿ ತಮ್ಮ ಎರಡೂ ಕೈಗಳಲ್ಲಿ ಇಟ್ಟುಕೊಂಡರು. ಅತ್ತೆ ಮಗನ ಮುಖ ನೋಡಿದರು, ಬಾಗಿಲನ್ನು ನೋಡಿದರು, ಮತ್ತೆ ಮಗನ ಮುಖ ನೋಡಿದರು. ಆಮೇಲೆ, ಜೀವಮಾನದಲ್ಲಿ ಒಮ್ಮೆಯೂ ಪಿಸುಗುಟ್ಟದ ಅವರು, ಪಕ್ಕದಲ್ಲೇ ನಿಂತಿದ್ದ ನನಗೂ ಸರಿಯಾಗಿ ಕೇಳಿಸದಷ್ಟು ಮೆಲ್ಲಗೆ ಕೇಳಿದರು:

"ಹೋದ್ರಾ?"

"ಹೋದ್ರು ಕಣಮ್ಮ" ಎಂದು ಇವರು ಕೂಗಿದರು. ಅತ್ತೆಗೆ ಅದು ಕೇಳಿಸಿತೋ ಇಲ್ಲವೋ, ಅವರ ಕಣ್ಣು ಬಾಗಿಲ ಮೇಲೆಯೇ ಇತ್ತು. ನಾನು ಒಳಗೆ ಹೋಗಿ ಕಾಫಿಗೆ ನೀರಿಟ್ಟೆ.